ಒಂದೇ ಥಾನಿನ ಎರಡು ಫ್ರಾಕು

ದೋಣಿಗೆ ಹಸಿರು ಬಣ್ಣ ಬಳಿದಿತ್ತು ಎಂದು ನನ್ನ ನೆನಪು. ನೀಲಿಯೂ ಇದ್ದಿರಬಹುದು. ಮಾವ, ಅಂದರೆ ಅಮ್ಮನ ಅಣ್ಣ, ನನ್ನನ್ನು ಕಪ್ಪು ಬಂಡೆಯ ಮೇಲೆ ಎತ್ತಿ ಇಳಿಸಿದರೋ ಕೈ ಹಿಡಿದು ಇಳಿಸಿದರೋ, ಅದೂ ಖಚಿತವಿಲ್ಲ. ಆದರೆ ಅವರು ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ಕರೆದುಕೊಂಡು ಹೋದದ್ದು ನನ್ನೊಬ್ಬಳನ್ನೇ ಎಂಬ ಬಗ್ಗೆ ನನಗೆ ಸಂಶಯವಿರಲಿಲ್ಲ. ಬಂದರಿನ ಬಟ್ಟೆ ಗೋಡೌನಿನಲ್ಲಿ ಕೆಲಸಕ್ಕಿದ್ದ ಮಾವ ಮಕ್ಕಳಿಗೋಸ್ಕರ ರಜೆ ಹಾಕಿದ್ದು ಅದೊಂದೇ ದಿನ. ಚಿಕ್ಕಮ್ಮನ ಮಗಳಿಗೆ ಅಂದು ಜ್ವರ.

ನಾವಿಬ್ಬರೂ ಮಂಗಳೂರಿನ ಕುದ್ರೋಳಿಯ ಒಂದೇ ಮನೆಯಲ್ಲಿ, ಮಾವನ ಜೊತೆ ಬೆಳೆದೆವು. ಅವಳು ನನಗಿಂತ ಆರು ತಿಂಗಳಿಗೆ ಸಣ್ಣವಳು. ಅಕ್ಕ ಎಂದು ಕರೆಯುವುದು ಗೇಲಿ ಮಾಡುವಾಗ ಮಾತ್ರ. ಈಗ ದುಬೈಯಲ್ಲಿದ್ದಾಳೆ. ಕಳೆದ ಡಿಸೆಂಬರಿನಲ್ಲಿ ಊರಿಗೆ ಬಂದಾಗ ದ್ವೀಪಕ್ಕೆ ಹೋಗುವ ಎಂದವಳು ನಾನೇ. ಅವಳಿಗೆ ತೋರಿಸುವ ಆಸೆ, ನಾನು ಮೊದಲೇ ನೋಡಿದವಳೆಂಬ ಗತ್ತು.

ದೊಡ್ಡ ಬೋಟಿನಿಂದ ಸಣ್ಣ ದೋಣಿಗೆ ಇಳಿದು ದಡ ಸೇರಿದೆವು. ಜೋಡಿಸಿಟ್ಟಂತಿರುವ ಆರು ಮೂಲೆಯ ಕಂಬಗಳನ್ನು ತೋರಿಸಿ, ಲಾವಾ ತಣ್ಣಗಾಗುವಾಗ ಬಿರಿದು ಹೀಗಾಯಿತು ಎಂದು ನಾನು ಹೇಳುತ್ತಿದ್ದೆ. ಅವಳು ಕೇಳಿಸಿಕೊಳ್ಳದೆ ಒಂದು ಕಂಬದ ತಲೆಯ ಮೇಲೆ ಕೂತಳು.

"ಇದೇ ಕಲ್ಲು. ಮಾವ ನನ್ನನ್ನು ಇಲ್ಲಿ ಕೂರಿಸಿ ಬಾಳೆಹಣ್ಣಿನ ಬನ್ಸ್ ಕೊಟ್ಟದ್ದು."

ಆ ಬನ್ಸ್ ನನ್ನ ನೆನಪಿನದ್ದು. ಸ್ವಲ್ಪ ಸಕ್ಕರೆ ಹೆಚ್ಚಾಗಿತ್ತು.

"ಎಂತ ಮಾರಾಯ್ತಿ, ಬಂದದ್ದು ನಾನಲ್ವಾ?"

"ನೀನಾ? ಅವತ್ತು ನಿಂಗೆ ಜ್ವರ. ನೀನು ಅತ್ತದ್ದಕ್ಕೆ ಓಣಿಯವರೆಲ್ಲ ಬಂದು ನೋಡಿದ್ದು."

"ಜ್ವರ ಬಂದದ್ದು ನಿಂಗೆ."

"ಹಾಗಾದ್ರೆ ಜ್ವರದಲ್ಲೇ ಬಂದಿರ್ಬೇಕು ನಾನು," ಎಂದು ನಕ್ಕಳು. ನಾನು ನಗದಿದ್ದಾಗ, "ಅಕ್ಕಾ, ಒಂದು ಕಲ್ಲಿಗೆ ಇಷ್ಟು ಹೊಟ್ಟೆಕಿಚ್ಚಾ?"

ಕಲ್ಲಿಗಲ್ಲ. ಅವಳಿಗೆ ಅಪ್ಪ ಇದ್ದರು, ಸ್ಕೂಟರ್ ಇತ್ತು, ಉಳ್ಳಾಲದ ಬೀಚಿಗೆ ಭಾನುವಾರದ ಸವಾರಿ ಇತ್ತು. ನನಗಿದ್ದದ್ದು ಮಾವನ ಆ ಒಂದು ದಿನ. ಕಾವಲುಗಾರ ಸೀಟಿ ಊದಿ ನಮ್ಮನ್ನು ಬಂಡೆಯಿಂದ ಇಳಿಸುವವರೆಗೂ ಅವಳು ಅಲ್ಲಿಂದ ಏಳಲಿಲ್ಲ, ನಾನು ಬೇರೆ ಕಲ್ಲಿನ ಮೇಲೆ ಕೂರಲಿಲ್ಲ.

ಮನೆಗೆ ಬಂದವಳೇ ಮಾವನ ಆಲ್ಬಮ್ ತೆಗೆದೆ. ಫೋಟೋ ಇತ್ತು. ಕಂಬಗಳ ಮೇಲೆ ನಿಂತ ಹುಡುಗಿ, ಮುಖ ಸಮುದ್ರದ ಕಡೆಗೆ. ಬಾಬ್ ಕಟ್, ಹಳದಿ ಹೂವಿನ ಫ್ರಾಕು. ಪ್ರತಿ ದೀಪಾವಳಿಗೆ ಮಾವ ಒಂದೇ ಥಾನಿನಿಂದ ಬಟ್ಟೆ ಹರಿಸಿ, ಒಬ್ಬನೇ ದರ್ಜಿಯ ಹತ್ತಿರ ಇಬ್ಬರಿಗೂ ಒಂದೇ ನಮೂನೆಯ ಫ್ರಾಕು ಹೊಲಿಸುತ್ತಿದ್ದರು. ಒಬ್ಬಳದ್ದು ಕಂಡು ಇನ್ನೊಬ್ಬಳು ಕರುಬಬಾರದೆಂದು. ಕೂದಲೂ ಒಂದೇ ಅಳತೆಗೆ ಕತ್ತರಿಸಿರುತ್ತಿತ್ತು.

"ನಾನೇ ಅಲ್ವಾ ಮಾವ? ನಾನು ಇದನ್ನು ಇಟ್ಕೊಳ್ತೇನೆ, ಆಗ್ಬಹುದಾ?" ಎಂದು ಅವಳು ಕೇಳಿದಳು.

ಮಾವ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿ, "ಇಟ್ಕೊ ಮಗಾ," ಎಂದರು. ಫೋಟೋ ಈಗ ದುಬೈಯ ಗೋಡೆಯ ಮೇಲಿದೆ. ಗೋಡೆಯ ಚಿತ್ರವನ್ನು ಅವಳು ನನಗೆ ಕಳಿಸಿದಳು. ನಾನು ಹೆಬ್ಬೆರಳಿನ ಇಮೋಜಿ ಕಳಿಸಿ, ಎರಡು ದಿನ ಅವಳ ಫೋನ್ ಎತ್ತಲಿಲ್ಲ.

ಅದಾದ ಮೇಲೆ ಡೈರಿಯಲ್ಲಿ ಆ ದಿನವನ್ನು ಬರೆಯಲು ಕೂತಾಗ ಒಂದು ಸಂಗತಿ ಗೊತ್ತಾಯಿತು. ಕಣ್ಣು ಮುಚ್ಚಿದರೆ ನನಗೆ ಕಾಣುವುದು ಕಡಲಲ್ಲ, ನನ್ನದೇ ಬೆನ್ನು, ಹಳದಿ ಹೂವುಗಳು. ತನ್ನ ಬೆನ್ನು ಯಾರಿಗಾದರೂ ನೆನಪಿರುತ್ತದೆಯೇ? ನನ್ನ ನೆನಪಿನಲ್ಲಿರುವುದು ದ್ವೀಪವೋ ಆ ಫೋಟೋವೋ? ಆದರೆ ಸಕ್ಕರೆ ಹೆಚ್ಚಾದದ್ದು ಫೋಟೋದಲ್ಲಿ ಇಲ್ಲವಲ್ಲ.

ಕಳೆದ ಭಾನುವಾರ ಮಾವ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಪಕ್ಕದಲ್ಲಿ ಕೂತು, ದ್ವೀಪಕ್ಕೆ ಕರೆದುಕೊಂಡು ಹೋದದ್ದು ಯಾರನ್ನೆಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, "ಚಾ ಉಂಟಾ ಮಗಾ?" ಎಂದರು. ಚಾ ಮಾಡಿ ತಂದೆ. ಕುಡಿದು ಲೋಟ ಕೆಳಗಿಟ್ಟರು, ಪೇಪರಿನ ಪುಟ ತಿರುವಿದರು. ಆಮೇಲೆ ಇನ್ನೊಮ್ಮೆ, ಬೇರೆ ರೀತಿಯಲ್ಲಿ ಕೇಳಿದೆ.

"ಮಾವ, ನೀವು ಅವತ್ತು ಮನೆಯಲ್ಲಿ ಬಿಟ್ಟು ಹೋದದ್ದು ಯಾರನ್ನು?"