ಖಡಕ್ ರೊಟ್ಟಿ ಕಡಿದ ಹಾಲುಹಲ್ಲು

ಸಂತಪುರದ ಅಂಗನವಾಡಿಯಲ್ಲಿ ಅಡುಗೆ ಮಾಡುವ ಶಾಲುಬಾಯಿಯ ಬಾಯಿ ದೊಡ್ಡದು, ಅಂತಃಕರಣವೂ ಅಷ್ಟೇ ದೊಡ್ಡದು. ಊರ ಮಕ್ಕಳಿಗೆಲ್ಲ ಉಣಿಸುವ ಈ ಹೆಂಗಸಿಗೆ ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದವಳು ಪ್ರಣಾಲಿ. ಒಬ್ಬಳೇ ಮಗಳು. ಆರು ತುಂಬುವುದರೊಳಗೆ ಆ ಕೂಸಿನ ಕೆಳಗಿನ ದವಡೆ ಹಲ್ಲೊಂದು ಹುಳುಕು ಹಿಡಿದು ಮೂರು ದಿನ ಅನ್ನ ನೀರು ಬಿಡಿಸಿತು.

ಬೀದರಿನ ಹಲ್ಲಿನ ದವಾಖಾನೆಯಲ್ಲಿ ಡಾಕ್ಟರು ಕೊಳೆತ ನರ ತೆಗೆದು, ಒಳಗೆ ಮದ್ದು ತುಂಬಿ, ಮೇಲೆ ಸಿಮೆಂಟು ಮೆತ್ತಿದರು. ಹಾಲುಹಲ್ಲಾದರೂ ಕೀಳುವುದು ಬೇಡ, ಹೊಸದು ಬರಲು ಇನ್ನೂ ನಾಲ್ಕೈದು ವರ್ಷ ಬೇಕು ಎಂದರು. ಹೊರಡುವಾಗ ನರ್ಸ್ ಹೆಲೆನ ಶಾಲುಬಾಯಿಯ ಕೈಹಿಡಿದು ನಿಲ್ಲಿಸಿದಳು.

“ಶಾಲುಬಾಯಿ, ನೋವು ಹೋತಂತ ಹಲ್ಲು ಗಟ್ಟಿ ಆತಂತ ತಿಳ್ಕೋಬ್ಯಾಡ್ರಿ. ಒಳಗ ಪೊಳ್ಳದ, ಸುತ್ತಿನ ಗ್ವಾಡಿ ಅಷ್ಟೇ ಉಳದಾವ. ಬರೋ ಗುರುವಾರ ಬಂದು ಹಲ್ಲಿನ ಮ್ಯಾಲ ಸ್ಟೀಲಿನ ಟೊಪ್ಪಿಗಿ ಹಾಕಿಸ್ಕೊಂಡು ಹೋಗ್ರಿ. ಅಲ್ಲೀತನ ಮೆತ್ತಂದೇ ತಿನಸ್ರಿ.”

“ಬರ್ತೇವ್ರಿ, ಯಾಕ ಬರಂಗಿಲ್ಲ!” ಎಂದಳು ಶಾಲುಬಾಯಿ. ಹೋಗಲಿಲ್ಲ. ಅಯ್ಯೋ, ಹೋಗಬೇಕಿತ್ತು! ಆದರೆ ಮಗಳು ಅಂದೇ ಹಾಯಾಗಿ ಮಲಗಿದಳು, ಮರುದಿನ ಗಬಗಬ ಉಂಡಳು. ನೋವೇ ಇಲ್ಲದ ಹಲ್ಲಿಗೆ ಟೊಪ್ಪಿಗೆ ಯಾತಕ್ಕೆ, ಹೆಣ್ಣುಕೂಸು ನಕ್ಕರೆ ಬಾಯಲ್ಲಿ ಸ್ಟೀಲು ಹೊಳೆಯಬೇಕೇ ಎಂದು ತಾಯಿ ತಾನೇ ತೀರ್ಮಾನ ಮಾಡಿಬಿಟ್ಟಳು.

ಎಳ್ಳಮಾವಾಸ್ಯೆಯ ಊಟಕ್ಕೆ ಕಮಲನಗರದ ತಂಗಿಯ ಹೊಲದಲ್ಲಿ ಬಳಗವೆಲ್ಲ ಸೇರಿತ್ತು. ಭಜ್ಜಿ, ಅಂಬಲಿ, ರೊಟ್ಟಿ. ತಂಗಿ ಸುಮನ, “ಕೂಸಿನ ಹಲ್ಲು ಹ್ಯಾಂಗ ಅದ ಅಕ್ಕಾ?” ಎಂದು ಕೇಳಿದ್ದೇ ತಡ, ಶಾಲುಬಾಯಿಗೆ ಹುರುಪು ಏರಿತು. ಒಣಗಿದ ಖಡಕ್ ರೊಟ್ಟಿಯ ನಾಲ್ಕು ತುಂಡು ಒಂದರ ಮೇಲೊಂದಿಟ್ಟು ಮಗಳ ಬಾಯಿಗೆ ಹಿಡಿದಳು.

“ಕಡೀ ನನ್ನ ಬಂಗಾರಾ, ಅದೇ ಬಾಜೂಕ ಕಡಿ. ನೋಡ್ಲಿ ಎಲ್ಲಾರೂ!”

ಕಟಕ್ಕೆಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಣಾಲಿ ಅಳಲಿಲ್ಲ. ಅಳಿಸಬೇಕಾದ ನರವನ್ನು ಡಾಕ್ಟರು ಆಗಲೇ ತೆಗೆದಿದ್ದರಲ್ಲ.

ಹದಿನೈದು ದಿನಕ್ಕೆ ದವಡೆಯ ಕೆಳಗೆ ಬಾವು ಬಂತು. ಎರಡು ದಿನ ಶಾಲುಬಾಯಿ ಬಟ್ಟೆ ಕಾಸಿ ಶಾಖ ಕೊಟ್ಟಳು. ಮೂರನೆಯ ದಿನ ಬಾವು ಕೊರಳಿಗೆ ಇಳಿದು ಮೈ ಸುಡತೊಡಗಿತು. ಔರಾದಿನ ದವಾಖಾನೆಯಲ್ಲಿ ನೋಡಿದವರು ಒಂದು ಗಳಿಗೆಯೂ ತಡೆಯದೆ ಬೀದರಿಗೆ ಕಳಿಸಿದರು. ಜೀಪಿನಲ್ಲಿ ತಾಯಿಯ ತೊಡೆಯ ಮೇಲಿದ್ದ ಕೂಸು ತೊದಲಿತು.

“ಅವ್ವಾ, ರೊಟ್ಟಿ ಕಡದಾಗ ಹಲ್ಲು ಮುರೀತು. ಒಂದು ಚೂರು ನುಂಗಿದೆ.”

“ಯಾಕ ಹೇಳಲಿಲ್ಲ ನನ್ನವ್ವಾ? ಹೇಳಬಾರದಿತ್ತೇನ?”

“ನೀ ಭಾಳ ಖುಷಿ ಇದ್ದಿ.”

ಮುರಿದ ಹಲ್ಲಿನೊಳಗೆ ಹೊಲಸು ಸೇರಿ, ಕೀವು ಉಸಿರಿನ ದಾರಿಯವರೆಗೆ ಹಬ್ಬಿತ್ತು. ಬೀದರಿನ ಡಾಕ್ಟರರು ಕೊರಳು ಸೀಳಿ ಕೀವು ತೆಗೆದರು. ಮರುದಿನ ಮಧ್ಯಾಹ್ನ ಪ್ರಣಾಲಿ ತೀರಿಕೊಂಡಳು.

ಸುದ್ದಿ ತಿಳಿದು ಹೆಲೆನ ಸಂತಪುರಕ್ಕೆ ಬಂದಳು. ಬಾಗಿಲ ಬಳಿ ಕೂತಿದ್ದ ಶಾಲುಬಾಯಿಯ ಪಕ್ಕದಲ್ಲಿ ಕುಳಿತು ಸಮಾಧಾನ ಹೇಳಿದಳು.

“ನಿಮಗೇನು ಗೊತ್ತಿತ್ತರಿ? ನಿಮ್ಮ ತಪ್ಪಲ್ಲರಿ.”

“ಗೊತ್ತಿತ್ತರಿ,” ಎಂದಳು ಶಾಲುಬಾಯಿ. “ನೀವು ಹೇಳಿದ್ರಿ. ನಾನೇ ಕಡಿಸಿದೆ.”