ನಿಂತ ಮಷೀನಿನ ಸಪ್ಪಳ

ಎಲ್ಲರಿಗೂ ಶರಣು. ನಾನು ಶಾಲೆ ಕಲಿತದ್ದು ತಡವಾಗಿ, ಟೈಪ್ ಮಾಡುವುದು ಒಂದೇ ಬೆರಳಿನಿಂದ. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ದೆವ್ವ, ಗಾಳಿ ಅಂದವರನ್ನು ಕಂಡು ನಾನೂ ನಗುತ್ತಿದ್ದವನೇ. ಈಗ ನಗುವುದಿಲ್ಲ.

ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಸವದತ್ತಿ ಕಡೆಯ ಒಂದು ಆಣೆಕಟ್ಟಿನ ಬುಡದಲ್ಲಿ ಸಣ್ಣ ಪವರ್ ಹೌಸ್ ಇತ್ತು. ಕಾಲುವೆಗೆ ನೀರು ಬಿಟ್ಟಾಗ ಮಾತ್ರ ಮಷೀನು ತಿರುಗುತ್ತಿತ್ತು. ನನ್ನ ಸೋದರಮಾವ ಈರಪ್ಪ ಅಲ್ಲಿ ಫಿಟ್ಟರ್. ನನ್ನನ್ನು ಹೆಲ್ಪರ್ ಆಗಿ ಸೇರಿಸಿದವರೂ ಅವರೇ. ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಶಾಫ್ಟು ಕೂತು ತಿರುಗುವ ಬೇರಿಂಗಿಗೆ, ಇನ್ನೊಂದನ್ನು ಕಿವಿಗೆ ಹಚ್ಚಿ ಒಳಗಿನ ಸಪ್ಪಳ ಕೇಳುವುದನ್ನು ನನಗೂ ಕಲಿಸಿದ್ದರು. ಎಡಗಡೆ ಬೇರಿಂಗಿನಲ್ಲಿ ಮೊದಲಿನಿಂದಲೂ ಸಣ್ಣಗೆ 'ಕಟ್ ಕಟ್' ಅನ್ನುತ್ತಿತ್ತು.

ಮಳೆ ಕೈಕೊಟ್ಟು ಆಣೆಕಟ್ಟು ತಳ ಕಂಡಿತು. ಮಷೀನು ನಿಂತಿತು. ಮಾವ ಬೇರಿಂಗುಗಳನ್ನು ಬಿಚ್ಚಿ, ಹಳೆ ಎಣ್ಣೆ ಬಸಿದು, ಒರೆಸಿ ಮುಚ್ಚಿಟ್ಟರು. ನೀರು ಬಂದಾಗ ಹೊಸ ಎಣ್ಣೆ ಹಾಕೋಣ ಎಂದರು. ಅಷ್ಟರಲ್ಲಿ ದಮ್ಮು ಹೆಚ್ಚಾಗಿ ಹಾಸಿಗೆ ಹಿಡಿದರು. ಮಷೀನು ತಿರುಗಿದ ದಿನ ತಾವೂ ಎದ್ದು ಡ್ಯೂಟಿಗೆ ಹೋಗುವುದು, ಅದೊಂದೇ ಅವರ ಆಸೆ. ಆದರೆ ಪವರ್ ಹೌಸ್ ನಡೆಸುತ್ತಿದ್ದ ಗುತ್ತಿಗೆದಾರರು ಬಂದು, ಘಟಕ ಮುಚ್ಚುತ್ತೇವೆ, ನಾಳೆಯಿಂದ ಯಾರೂ ಬರಬೇಡಿ ಎಂದುಬಿಟ್ಟರು.

ಅವತ್ತು ಮಧ್ಯಾಹ್ನ ಸಾಮಾನು ಎತ್ತಿಡುವಾಗ, ಕೈ ರೂಢಿಗೆ ಬಿದ್ದದ್ದು, ಎಡ ಬೇರಿಂಗಿಗೆ ಸಲಾಕೆ ಹಚ್ಚಿದೆ. ಒಳಗೆ ಮಷೀನು ಓಡುತ್ತಿತ್ತು. ಶಾಫ್ಟಿನ ಮೇಲೆ ಕೈಯಿಟ್ಟೆ. ತಣ್ಣಗಿತ್ತು, ಅಲುಗಾಡಲಿಲ್ಲ. ಹೊರಗೆ ಕಾಲುವೆ ಒಣಗಿ ಬಿರಿದಿತ್ತು. ವಾಚ್‌ಮನ್ ಮಕ್ತುಮಸಾಬರನ್ನು ಕರೆದೆ.

"ಏನೋ ತಮ್ಮಾ, ನೌಕರಿ ಜೋಡಿ ತಲಿನೂ ಹೋತೇನು?" ಎಂದು ನಗುತ್ತಲೇ ಕಿವಿ ಹಚ್ಚಿದರು. ನಗು ನಿಂತಿತು. ಸಲಾಕೆಯನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋದರು.

ಸಂಜೆ ಮಾವನಿಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಎದ್ದು ಕುಳಿತರು.

"ಕಟ್ ಕಟ್ ಅಂತಿತ್ತೇನು?"

"ಹೂಂ ಮಾವಾ, ಎಡಕ್ಕ."

"ಹಂಗಾರ ನಮ್ಮ ಮಷೀನ ಅದು. ಲೇ ಹುಚ್ಚಾ, ಎಣ್ಣಿ ಇಲ್ಲೋ ಅದಕ್ಕ! ಒಣಾ ಓಡಾಕ ಹತ್ತೈತಿ. ಮುಂಜಾನೆದ್ದು ಮೊದಲ ಎಣ್ಣಿ ಬಿಟ್ಟು ಬಾ."

ಎಷ್ಟೋ ದಿನಗಳ ಮೇಲೆ ಅವತ್ತು ಕೇಳಿ ರೊಟ್ಟಿ ಹಾಕಿಸಿಕೊಂಡು ಉಂಡರು.

ಬೆಳಿಗ್ಗೆ ಎಣ್ಣೆ ಡಬ್ಬಿ, ಸಲಾಕೆ ಹಿಡಿದು ಹೋದೆ. ಬಾಗಿಲಿಗೆ ಹೊಸ ಬೀಗ. ಕೀಲಿ ಗುತ್ತಿಗೆದಾರರ ಜೊತೆ ಬೆಳಗಾವಿಗೆ ಹೋಗಿತ್ತು. ಕಬ್ಬಿಣದ ಬಾಗಿಲಿಗೇ ಸಲಾಕೆ ಹಚ್ಚಿದೆ. ಕಟ್ ಕಟ್ ಇರಲಿಲ್ಲ. ಕಬ್ಬಿಣಕ್ಕೆ ಕಬ್ಬಿಣ ತಿಕ್ಕುವ ಕರಕರ ಇತ್ತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು.

"ಬೀಗ ಹಾಕ್ಯಾರ, ಮಾವಾ," ಅಂದೆ ಮನೆಗೆ ಬಂದು.

"ಸುಟ್ಟು ಹೋತು ಬಿಡು," ಎಂದು ಗೋಡೆಯ ಕಡೆ ಹೊರಳಿದರು. ಮತ್ತೆ ಮಷೀನಿನ ಮಾತು ಎತ್ತಲಿಲ್ಲ. ಮುಂದಿನ ಮಳೆಗಾಲ ನೋಡಲೂ ಇಲ್ಲ.

ಕೆಲವು ವರ್ಷ ಕಳೆದು ಗುಜರಿಯವರು ಮಷೀನು ಬಿಚ್ಚಲು ಬಂದಾಗ ಕೂಲಿಗೆ ನಾನೂ ಹೋಗಿದ್ದೆ. ಅಲ್ಲಿಯತನಕ ಆ ಬೀಗ ಯಾರೂ ತೆಗೆದಿರಲಿಲ್ಲ. ಬಲಗಡೆ ಬೇರಿಂಗು ಮಾವ ಒರೆಸಿಟ್ಟ ಹಾಗೆಯೇ ಹೊಳೆಯುತ್ತಿತ್ತು. ಎಡಗಡೆಯದು ಕರಗಿ, ಕರ್ರಗಾಗಿ, ಶಾಫ್ಟಿಗೆ ಹತ್ತಿಕೊಂಡಿತ್ತು.

"ಎಣ್ಣಿ ಇಲ್ದ ಓಡಿಸ್ಯಾರ ನೋಡ್ರಿ ಹುಚ್ಚಪ್ಪಗೋಳು," ಅಂದ ಗುಜರಿಯವನು.

ಯಾರು ಓಡಿಸಿದರು, ಯಾವ ನೀರಿನಿಂದ, ನನಗೆ ಇವತ್ತಿಗೂ ತಿಳಿದಿಲ್ಲ. ಸಲಾಕೆ ಇನ್ನೂ ಮನೆಯಲ್ಲೇ ಇದೆ, ಯಾವುದಕ್ಕೂ ಹಚ್ಚುವುದಿಲ್ಲ. ನಿಂತುಹೋದದ್ದರ ಸಪ್ಪಳ ನಿಮ್ಮಲ್ಲಿ ಯಾರಾದರೂ ಕೇಳಿದ್ದರೆ ದಯವಿಟ್ಟು ಬರೆಯಿರಿ, ಓದುತ್ತೇನೆ.