ಬೀಗರು ಬಂದರೆ ಉಬ್ಬುವ ಹೊಟ್ಟೆ

ಮೊರದಲ್ಲಿ ಜೋಳ ಹಾಕಿಕೊಂಡು ಹಸನು ಮಾಡುತ್ತಿದ್ದೆ. ಕಲ್ಲೋಳಿಯಿಂದ ಗಂಗಕ್ಕನ ಅಣ್ಣನ ಮಗ ಬಂದವನು ಒಳಗೆ ಬಾರದೆ ಅಂಗಳದಲ್ಲೇ ನಿಂತ. "ನಮ್ಮತ್ತಿ ನಸುಕಿನ್ಯಾಗ ಲಿಂಗೈಕ್ಯ ಆದ್ಲರಿ ಯವ್ವಾ" ಎಂದ. ನನ್ನ ಕೈ ಜೋಳದಲ್ಲೇ ಉಳಿಯಿತು.

ಗಂಗಕ್ಕ ನನ್ನ ಗಂಡನ ಅಣ್ಣನ ಹೆಂಡತಿ. ಮೇಲವಂಕಿಯ ಮನೆಗೆ ನಾನು ಸೊಸೆಯಾಗಿ ಬಂದಾಗ ಒಲೆ, ರೊಟ್ಟಿ ಬುಟ್ಟಿ ಎರಡೂ ಆಕೆಯ ಕೈಯಲ್ಲಿದ್ದವು. ಆಕೆ ರೊಟ್ಟಿ ಬಡಿದರೆ ಓಣಿಯ ಕೊನೆಗೆ ಕೇಳುತ್ತಿತ್ತು. ನಕ್ಕರೆ ಅದಕ್ಕೂ ಆಚೆಗೆ. ಆದರೆ ಆಕೆಯ ಹೊಟ್ಟೆಯದೇ ಒಂದು ವಿಚಿತ್ರ. ದಿನಾ ನೆಟ್ಟಗಿರುತ್ತಿದ್ದದ್ದು ಬೀಗರು ಬಂದ ದಿನ ಮಾತ್ರ ಉಬ್ಬುತ್ತಿತ್ತು. "ಹೊಟ್ಟಿ ಡೊಳ್ಳ ಆಗೇತಿ, ನೀವ ಉಣ್ರಿ" ಎಂದು ಎಲ್ಲರಿಗೂ ಬಡಿಸಿ, ಒಂದು ಚರಿಗೆ ನೀರು ಕುಡಿದು ಮಲಗಿಬಿಡುವಳು. ಮೈ ಮಾತ್ರ ಇಳಿಯುತ್ತಿತ್ತು.

ಇದರ ಮೂಲ ತಿಳಿಯಲೇಬೇಕೆಂದು ನನಗೆ ಹಟ. ಅಜವಾನ ಹುರಿದು ಉಪ್ಪು ಬೆರೆಸಿ ಕೊಟ್ಟೆ. ಹಿಂಗು ಕಲಸಿ ಹೊಕ್ಕಳಿಗೆ ಹಚ್ಚಿದೆ. ಬಾಜೂ ಮನೆಯ ಹಸೀನಾಬಿ ಹೊಟ್ಟೆ ತಿಕ್ಕುವುದರಲ್ಲಿ ಹೆಸರಾದವಳು, ಕರೆದು ತೋರಿಸಿದೆ. ಆಕೆ ಒತ್ತಿ ನೋಡಿ, "ಉಬ್ಬೇತಿ ಅಂತೀ, ನನ್ನ ಕೈಗೆ ಬೆನ್ನೆಲಬ ಹತ್ತಾಕತ್ತೈತಲ್ಲ!" ಎಂದಳು.

"ಕಣ್ಣಿಗೆ ಬಂದ ಪೊರಿ ಕೈಗೂ ಇಳದೈತೇನ ಬೇ ನಿನಗ?" ಎಂದು ಗಂಗಕ್ಕ ಎದ್ದು ಕುಳಿತಳು.

ಅದು ಲಡಾಯಿಯ ಕಾಲ, ಕಾಳಿಗೆ ತತ್ವಾರ. ಆದರೂ ಗೋಕಾಕ ಸಂತೆಗೆ ಹೋದ ಗಂಡನಿಗೆ ಹೇಳಿ ಒಂದು ಔಷಧದ ಬಾಟಲಿ ತರಿಸಿದೆ. ಚೀಟಿಯ ಮೇಲೆ ಹೊಟ್ಟೆ ತಟ್ಟಿಕೊಂಡು ನಗುವ ಪೈಲ್ವಾನ.

"ಕಲ್ಲ ತಿಂದ್ರೂ ಕರಗತೈತಂತ್ರಿ ಅಕ್ಕಾ, ಅಂಗಡಿಯವ ಹೇಳ್ಯಾನ."

"ಹಂಗಾರ ಮೊದಲ ಕಲ್ಲ ಕೊಡ ಅನ್ನಬೇಕಿತ್ತ" ಎಂದು ನಕ್ಕು, ಕಣ್ಣು ಮುಚ್ಚಿ ಎರಡು ಚಮಚ ಕುಡಿದಳು.

ಅವತ್ತೂ ಬೀಗರು ಬಂದಿದ್ದರು. ಅವರು ಉಂಡೆದ್ದ ಮೇಲೆ, ಸಂಜೆ ಅಡುಗೆಮನೆಯಲ್ಲಿ ಗರಗರ ಸದ್ದು. ಹೋಗಿ ನೋಡಿದರೆ ಗಂಗಕ್ಕ ನುಚ್ಚಿನ ಗಡಿಗೆಯ ತಳ ಹತ್ತಿದ್ದನ್ನು ಕೆರೆದು ತಿನ್ನುತ್ತಿದ್ದಾಳೆ.

"ನಿನ್ನ ಔಷಧ ಖರೇನ ಚಲೋ ಐತಿ ತಂಗಿ. ಹಸಿವು ತಡಕೊಳ್ಳಾಕ ಆಗವಲ್ದು."

ರೊಟ್ಟಿ ಬುಟ್ಟಿ ತೆರೆದೆ. ಒಂದು ಚೂರೂ ಇರಲಿಲ್ಲ. ಉಬ್ಬರ ಎಲ್ಲಿಂದ ಬರುತ್ತಿತ್ತೆಂದು ಆಗ ತಿಳಿಯಿತು.

"ಬಾಯಿ ಬಿಡಬ್ಯಾಡ ಮತ್ತ. ಕೂಸಿಗೆ ಮಲಿ ಕೊಡಾಕಿ ನೀ, ನಿನಗ ಕಡಿಮಿ ಬೀಳಬಾರದು."

ಹೇಳಿದರೆ ಕೇಳುವ ಜೀವವಲ್ಲ. ಮುಂದಿನ ಸಲ ಬೀಗರು ಬಂದಾಗ ನನ್ನ ಪಾಲಿನ ರೊಟ್ಟಿಯನ್ನು ಲಿಂಗಕ್ಕೆ ತೋರಿಸಿ, ಮುರಿದು, ಅರ್ಧ ಆಕೆಯ ಕೈಗಿಟ್ಟೆ. "ಪ್ರಸಾದರಿ ಅಕ್ಕಾ." ಪ್ರಸಾದವನ್ನು ಒಲ್ಲೆ ಎನ್ನುವ ರೂಢಿ ನಮ್ಮಲ್ಲಿಲ್ಲ, ಹೊಟ್ಟೆ ಎಷ್ಟೇ ಉಬ್ಬಿರಲಿ.

"ಭಾಳ ಶಾಣ್ಯಾಕಿ ಆಗೀ! ನಡುವ ಶಿವನ್ನ ತಂದ ನಿಲ್ಲಿಸ್ತೀ" ಎಂದು ಗುರುಗುಟ್ಟುತ್ತಲೇ ತಿಂದಳು. ಆ ಅರ್ಧ ರೊಟ್ಟಿಯ ಬುದ್ಧಿ ಕೊಟ್ಟ ಶಿವನಿಗೆ ಇಂದಿಗೂ ಕೈ ಮುಗಿಯುತ್ತೇನೆ. ಆಕೆಯ ಮೈ ಮತ್ತೆ ತುಸು ಹಿಡಿಯಿತು.

ಭಾವನವರು ತೀರಿದ ಮೇಲೆ ಗಂಗಕ್ಕ ತವರಿಗೆ ಹೋದಳು. ಹೋದ ತಿಂಗಳು ನೋಡಲು ಹೋಗಿದ್ದೆ. ಊಟದ ಹೊತ್ತಿಗೆ, "ಹೊಟ್ಟಿ ಉಬ್ಬೇತಿ, ನಾ ಒಲ್ಲೆ ತಂಗಿ" ಎಂದಳು. ನಾನು ನಗುತ್ತಾ ಬುಟ್ಟಿಯ ಅರಿವೆ ಸರಿಸಿದೆ. ತುಂಬಾ ರೊಟ್ಟಿ ಇದ್ದವು. ನಗು ಅಲ್ಲೇ ನಿಂತಿತು. ಪ್ರಸಾದವೆಂದು ಒಂದು ಚೂರು ಕೊಟ್ಟೆ. ಕಣ್ಣಿಗೊತ್ತಿಕೊಂಡು ಬಾಯಿಗಿಟ್ಟಳು, ನುಂಗಲು ಬಹಳ ಹೊತ್ತು ಬೇಕಾಯಿತು.

ಎದ್ದು, ಸುದ್ದಿ ತಂದು ಅಂಗಳದಲ್ಲಿ ನಿಂತವನಿಗೆ ನೀರು ಕೊಟ್ಟೆ. ಮಣ್ಣಿಗೆ ಹೋಗುವ ಮುನ್ನ ಎಮ್ಮೆ ಹಿಂಡಬೇಕಿತ್ತು. ಕರು ಬಿಟ್ಟೆ.